ಬಿರುಕಿಗೆ ತುಂಬಿದ ಅರಗು

ನನಗೆ ಜಂಬ ಜಾಸ್ತಿ ಅಂತ ನಮ್ಮ ಬೀದಿಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ ಬಿಡಿ. ಚನ್ನಪಟ್ಟಣದ ಗೊಂಬೆ ಕೆಲಸದ ಮನೆಗೆ ಸೊಸೆಯಾಗಿ ಬಂದವಳು ನಾನು. ಬಿಡದಿಯ ಕಡೆ ಕಾರ್ಖಾನೆಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ ಅದು. ಬೀದಿಯ ಗಂಡಸರೆಲ್ಲ ಕಂಪನಿ ಬಸ್ಸು ಹತ್ತಿದರು, ನನ್ನ ಗಂಡನೂ ಹತ್ತಿದರು. ಅವರು ಬಿಟ್ಟೆದ್ದ ಲೇತಿನ ಮುಂದೆ ನಾನು ಕೂತೆ. ಕೆಲಸ ಕಲಿಸಿದವರು ಮಾವ.

ಮರದಲ್ಲಿ ಸಣ್ಣ ಬಿರುಕಿದ್ದರೆ ಅದೇ ಬಣ್ಣದ ಅರಗು ತುಂಬಿ ಉಜ್ಜುತ್ತಿದ್ದೆವು. ಬುಗುರಿಗೋ ಗಿಲಕಿಗೋ ಅದರಿಂದ ತೊಂದರೆಯಿಲ್ಲ. ಆ ಕೈಚಳಕ ನನಗೆ ಮಾವನಿಗಿಂತ ಚೆನ್ನಾಗಿ ಬರುತ್ತಿತ್ತು.

ಒಂದು ದಿನ ಸಾವನದುರ್ಗದ ತಪ್ಪಲಲ್ಲಿ ರೆಸಾರ್ಟ್ ಕಟ್ಟಿಸುತ್ತಿದ್ದವರೊಬ್ಬರು ಕಾರಿನಿಂದ ವಿಚಿತ್ರವಾದ ಸಾಮಾನೊಂದನ್ನು ಇಳಿಸಿದರು. ಬಂದೂಕಿನಂಥ ಹಿಡಿ, ಅದರ ತುದಿಗೆ ಅಡ್ಡಲಾಗಿ ಬಿಗಿದ ಮರದ ಬಿಲ್ಲು. ಅಡ್ಡಬಿಲ್ಲು ಅಂತೆ. ಅವರ ತಾತನ ಕಾಲದ್ದು, ಅಟ್ಟದ ಮೇಲೆ ಬಿದ್ದಿತ್ತಂತೆ.

"ಭಾನುವಾರ ಓಪನಿಂಗು. ನನ್ನ ಮಗಳೇ ಮೊದಲ ಬಾಣ ಬಿಡೋದು. ಹೊಸದರ ಥರ ಮಿಂಚಬೇಕಮ್ಮ," ಎಂದರು.

ಮಾವ ಮರ ತರಲು ಹೋಗಿದ್ದರು. ಕೇಳುವವರಿಲ್ಲದೆ ನಾನೇ ಒಪ್ಪಿಕೊಂಡೆ. ಧೂಳು ಒರೆಸಿದಾಗ ಬಿಲ್ಲಿನ ಮಧ್ಯದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಎರಡನೇ ಯೋಚನೆಯಿಲ್ಲದೆ ಅರಗು ತುಂಬಿದೆ, ಉಜ್ಜಿದೆ, ಪಾಲಿಶ್ ಹಚ್ಚಿದೆ. ಮುಖ ನೋಡಿಕೊಳ್ಳಬಹುದು, ಹಾಗೆ ಹೊಳೆಯಿತು.

ಶನಿವಾರ ಮಾವ ಅದನ್ನು ಕೈಗೆತ್ತಿಕೊಂಡು "ಭೇಷ್ ಕಣವ್ವ" ಎಂದರು. ಆಮೇಲೆ ಅಭ್ಯಾಸಬಲದಿಂದ ಬೆರಳಗೆಣ್ಣಿನಲ್ಲಿ ಬಿಲ್ಲಿಗೆ ಕುಟ್ಟಿದರು. ಇನ್ನೊಂದು ಸಲ ಕುಟ್ಟಿದರು. ಸದ್ದು ಮಂದವಾಗಿತ್ತು.

"ಏನವ್ವ ಇದು, ಒಳಗೆ ಸೀಳೈತಾ?"

"ಐತೆ ಮಾವ. ಅರಗು ತುಂಬ್ಬುಟ್ಟೆ."

ಅವರು ಬಯ್ಯಲಿಲ್ಲ. "ಬುಗುರಿ ಸೀಳುದ್ರೆ ಮಗ ಅಳ್ತದೆ, ಅಷ್ಟೇಯ. ಇದನ್ನ ಎಳ್ದು ಬಗ್ಗುಸ್ತಾರೆ ಕಣವ್ವ," ಎಂದರು. ಆ ಹುಡುಗಿಯ ಮುಖವನ್ನು ನಾನು ನೋಡಿಯೇ ಇರಲಿಲ್ಲ. ಆದರೂ ಅದೇ ಕಣ್ಣಮುಂದೆ ಬಂತು.

ಅಷ್ಟರಲ್ಲಿ ರೆಸಾರ್ಟಿನವರು ಬಂದರು. ಬಿರುಕಿನ ವಿಷಯ ಹೇಳಿದರೆ ನಕ್ಕರು. "ಒಂದೇ ಒಂದು ಬಾಣ, ಏನಾಗುತ್ತೆ? ನೋಡಿ ಬೇಕಾದರೆ," ಎಂದು ಬಿಲ್ಲಿಗೆ ಕಾಲು ಕೊಟ್ಟು, ಹುರಿ ಎಳೆಯಲು ಬಗ್ಗಿದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ಕೈ ತೆಗೀರಿ ಸಾರ್! ಬಿರುಕು ಮುಚ್ಚಿದೋಳು ನಾನು. ನಿಮ್ಮ ಕಣ್ಣು ಹೋದ್ರೆ ನೀವು ಕೊಡ್ತೀರಾ ಜವಾಬು, ನಾನು ಕೊಡ್ಬೇಕಾ?" ಎಂದು ಕಿತ್ತುಕೊಂಡೆ. ಗಿರಾಕಿಯ ಕೈಯಿಂದ ಸಾಮಾನು ಕಿತ್ತುಕೊಂಡವಳು ನಮ್ಮ ಬೀದಿಯಲ್ಲಿ ನಾನೊಬ್ಬಳೇ ಇರಬೇಕು.

ಮಾವ ಅದನ್ನು ಕೆಲಸದ ಕೋಣೆಯ ಬೆಂಚಿಗೆ ಬಿಗಿದರು. ಹುರಿಗೆ ಹಗ್ಗ ಕಟ್ಟಿ, ಅದರ ತುದಿಯನ್ನು ಬಾಗಿಲ ಕೆಳಗಿನ ಸಂದಿಯಿಂದ ಹೊರಗೆ ತಂದರು. ಬಾಗಿಲು ಮುಚ್ಚಿ, ಮೂವರೂ ಆಚೆ ನಿಂತು ಎಳೆದೆವು. ಪೂರ್ತಿ ಎಳೆಯುವಷ್ಟು ಪುರುಸೊತ್ತೇ ಸಿಗಲಿಲ್ಲ. ಫಟಾರನೆ ಸದ್ದಾಗಿ ಬಾಗಿಲು ಅದುರಿತು.

ಒಳಗೆ ಹೋದರೆ ಬಿಲ್ಲು ಎರಡು ತುಂಡಾಗಿತ್ತು. ಗೇಣುದ್ದದ ಚೂಪು ಸೀಳೊಂದು ಬಾಗಿಲ ಹಲಗೆಗೆ ನಾಟಿಕೊಂಡಿತ್ತು. ರೆಸಾರ್ಟಿನವರು ಅದರ ಹತ್ತಿರ ಹೋಗಿ, ಅಂಗೈಯನ್ನು ಸೀಳಿಗಿಂತ ಸ್ವಲ್ಪ ಮೇಲೆ ಹಿಡಿದು ನಿಂತರು.

"ನನ್ನ ಮಗಳು ಇಷ್ಟೇ ಎತ್ತರ," ಎಂದರು. ಆಮೇಲೆ ಅಲ್ಲೇ ಮರದ ಪುಡಿಯ ಮೇಲೆ ಕೂತುಬಿಟ್ಟರು. ನಾನು ನೀರು ತಂದುಕೊಟ್ಟೆ.

ಆ ಸೀಳನ್ನು ಕೀಳಲು ಮಾವ ಯಾರಿಗೂ ಬಿಡಲಿಲ್ಲ. ಮುಂದೆ ಬಾಗಿಲಿಗೆ ಕಬ್ಬಿಣದ ಶಟರ್ ಬಂದಾಗಲೂ ಆ ಹಲಗೆಯನ್ನು ಲೇತಿನ ಪಕ್ಕ ನಿಲ್ಲಿಸಿಕೊಂಡರು. ಆಯುಧಪೂಜೆಯ ದಿನ ಉಳಿಗಳ ಜೊತೆ ಅದಕ್ಕೂ ಕುಂಕುಮ. ಬಂದವರಿಗೆಲ್ಲ ಎದೆಯುಬ್ಬಿಸಿ ತೋರಿಸುತ್ತಿದ್ದರು: "ನಮ್ ಸೊಸೆ ಅಡ್ಡ ನಿಂತು ಒಂದು ಮಗೀನ ಉಳ್ಸಿದ್ದು ಕಣ್ರಪ್ಪ."

ಬಿರುಕು ಮುಚ್ಚಿದ್ದೂ ಅದೇ ಸೊಸೆ ಎಂದು ಮಾವ ಸಾಯುವವರೆಗೂ ಯಾರಿಗೂ ಹೇಳಲಿಲ್ಲ. ಅದನ್ನು ನಾನು ಹೇಳುತ್ತೇನೆ, ಕೆಲಸ ಕಲಿಯಲು ಬರುವ ಪ್ರತಿಯೊಬ್ಬಳಿಗೂ, ಅರಗು ಮುಟ್ಟಿಸುವ ಮೊದಲೇ.