ಫ್ರಿಜ್ಜಿನ ಬಾಗಿಲು ಕಾದ ನರ್ಸಮ್ಮ

ಈಕೆಯ ತಾತ ಮಂಜುಗಡ್ಡೆಯನ್ನು ಮರದ ಹೊಟ್ಟಿನಲ್ಲಿ ಹೂತು ಮೂರು ದಿನದ ದಾರಿ ಸಾಗಿಸಿದವನು. ತಾಯಿ ಮೀನಿನ ಶೀತಲಗೃಹದ ಬಾಗಿಲನ್ನು ಮೂವತ್ತು ವರ್ಷ ಕಾದವಳು. ಆ ವಂಶದ ನರ್ಸಮ್ಮನ ಪಾಲಿಗೆ ಬಂದದ್ದು ಆಸ್ಪತ್ರೆಯ ಲಸಿಕೆ ಫ್ರಿಜ್ಜು.

ಅಂದು ಬೆಳಗ್ಗೆಯೇ ಕರೆಂಟು ಹೋಯಿತು. ಮರುದಿನ ನಲವತ್ತು ಕೂಸುಗಳಿಗೆ ಹಾಕಬೇಕಾದ ಲಸಿಕೆ ಒಳಗಿತ್ತು. ಎಂಟು ಡಿಗ್ರಿ ದಾಟಿದರೆ ಅಷ್ಟೂ ಹಾಳು. ಫ್ರಿಜ್ಜಿನೊಳಗಿನ ತಾಪವನ್ನು ಹೊರಗೇ ತೋರಿಸುವ ಗೋಡೆಯ ಮೇಲಿನ ಮಾಪಕ ಐದು ತೋರಿಸುತ್ತಿತ್ತು. ಹೊಸ ಡಾಕ್ಟರಿಗೆ ಜೀವ ತಡೆಯಲಿಲ್ಲ. ತಂಪು ಉಳಿದಿದೆಯೋ ಇಲ್ಲವೋ ಎಂದು ಎರಡು ಸಲ ಬಾಗಿಲು ತೆಗೆದು ನೋಡಿದರು. ತಣ್ಣನೆಯ ಗಾಳಿಗೆ ಭಾರ ಹೆಚ್ಚು. ಉರುಳಿದ ಕೊಡದ ನೀರಿನಂತೆ ಅವರ ಕಾಲ ಮೇಲೆ ಸುರಿದುಹೋಯಿತು. ಆ ಜಾಗಕ್ಕೆ ನುಗ್ಗಿದ ಬಿಸಿಗಾಳಿ ತನ್ನ ತೇವವನ್ನು ಸೀಸೆಗಳ ಮೇಲೆ ಬೆವರಿನಂತೆ ಬಿಟ್ಟಿತು. ಮಾಪಕ ಏಳಕ್ಕೇರಿತು.

"ಹೆಪ್ಪು ಹಾಕಿದ ಹಾಲನ್ನ ಗಳಿಗೆಗೊಂದು ಸಲ ಅಲ್ಲಾಡಿಸಿ ನೋಡಿದ್ರೆ ಮೊಸರಾಗುತ್ತಾ ಸಾರ್?" ಎಂದ ನರ್ಸಮ್ಮ ಬಾಗಿಲಿಗೆ ಬೆನ್ನೊತ್ತಿ ಕುಳಿತುಬಿಟ್ಟಳು.

ಮಧ್ಯಾಹ್ನವಾದರೂ ಕರೆಂಟು ಬರಲಿಲ್ಲ. ಮಾಪಕ ಏಳೂವರೆಗೆ ಬಂದು ನಿಂತಿತ್ತು.

"ಊಟ ಮಾಡಿ ಬನ್ನಿ ಸಿಸ್ಟರ್, ಅಲ್ಲೀವರೆಗೆ ನಾನು ಕಾಯ್ತೀನಿ," ಎಂದರು ಡಾಕ್ಟರು.

"ಬೇಡ ಸಾರ್. ನನ್ನ ಹಸಿವನ್ನ ನಾನು ತಡ್ಕೋತೀನಿ. ನಿಮ್ಮ ಕೈಯನ್ನ ನೀವು ತಡ್ಕೊಳ್ಳಲ್ಲ."