ಮೋರಟಗಿಯ ಗಿರಣಿ ಮತ್ತು ನಡೆಯುವ ಗೋಡೆ

ಮೋರಟಗಿಯಲ್ಲಿ ಕೋಳಿಗಳು ಕೂಗುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು. ಕೂಗಿದರೂ ಕೇಳುವುದಿಲ್ಲವೆಂದು ಅವಕ್ಕೆ ಗೊತ್ತು. ನಸುಕಿನಲ್ಲಿ ಸಿದ್ದಲಿಂಗವ್ವ ತಮ್ಮ ಹಿಟ್ಟಿನ ಗಿರಣಿಯ ಬಟನ್ ಒತ್ತಿದರೆ ಅತ್ತ ಸಿಂದಗಿ ಎದ್ದು ಕೂರುತ್ತದೆ, ಇತ್ತ ಇಂಡಿ ತಾಲ್ಲೂಕಿನ ತೋಟಗಳಲ್ಲಿ ಲಿಂಬೆ ತಾನಾಗಿ ಉದುರುತ್ತದೆ. ನಂಬದವರು ಬುಟ್ಟಿ ಹಿಡಿದು ನಿಂತು ನೋಡಲಿ.

ಹುಬ್ಬಿನಿಂದ ಹಿಮ್ಮಡಿಯವರೆಗೆ ಜೋಳದ ಹಿಟ್ಟು ಮೆತ್ತಿಕೊಂಡ ಈ ಹೆಂಗಸಿನ ತಲೆಯೊಳಗೆ ಒಂದು ಇಡೀ ರಾಜ್ಯವಿದೆ. ಅದರ ಹೆಸರು ‘ಕರಿಗಲ್ಲ ಕೋಟೆ’. ಸುಲ್ತಾನರು, ದೇಸಾಯರು, ಕುದುರೆ ಕಾಳಗಗಳೆಲ್ಲ ಚರಿತ್ರೆಯಿಂದ ಬಂದವು. ಉಳಿದ ಮಾಯೆಯೆಲ್ಲ ಅವ್ವನದೇ. ಸುಳ್ಳು ಕೇಳಿದರೆ ಬೆವರುವ ನಾಣ್ಯ, ಮಳೆಗೆ ಹೆದರುವ ಕಲ್ಲಾನೆ, ರಾತ್ರಿಗೊಂದು ಗೇಣು ನಡೆಯುವ ಕೋಟೆಗೋಡೆ! ಅದೇ ಹೆಸರಿನ ಕಾದಂಬರಿಯ ಐದು ಭಾಗ ಅಚ್ಚಾಗಿವೆ. ಐದನೆಯದು ಬಂದ ದಿನ ಬಸವನ ಬಾಗೇವಾಡಿಯಿಂದ ಎರಡು ಬಸ್ಸು ಖಾಲಿ ಹೊರಟವಂತೆ, ಜನ ನಿಲ್ದಾಣದಲ್ಲೇ ಓದುತ್ತ ಕೂತಿದ್ದರಂತೆ. ನನ್ನ ಅಂದಾಜಿನಲ್ಲಿ ಇಪ್ಪತ್ತು ಬಸ್ಸು.

ಅವ್ವ ಕಲಿತದ್ದು ನಾಲ್ಕನೆಯ ಇಯತ್ತೆ. ಗಂಡ ತೀರಿಕೊಂಡ ಮೇಲೆ ಗಿರಣಿ ಕೊರಳಿಗೆ ಬಿತ್ತು. ಅದರ ಸದ್ದಿಗೆ ಎಡಗಿವಿ ಮಂದವಾಯಿತು. ಕಥೆ ಹುಟ್ಟಿದ್ದು ಮಾತ್ರ ಕರೆಂಟು ಹೋಗಿದ್ದಕ್ಕೆ. “ಮಂದಿ ಡಬ್ಬಿ ಎತ್ಕೊಂಡು ಬ್ಯಾರೆ ಗಿರಣಿಗೆ ಹೋಗ್ತಿದ್ರು. ಅವ್ರನ್ನ ಕೂಡ್ರಸಾಕ ಕಥಿ ಸುರು ಮಾಡೀನ್ರಿ,” ಎನ್ನುತ್ತಾರೆ. ಕರೆಂಟು ಹೋದರೆ ಕಥೆ, ಬಂದರೆ ಹಿಟ್ಟು. ಹೇಳಿದ್ದನ್ನು ಮಧ್ಯಾಹ್ನ ಕೂತು ಬರೆಯುತ್ತಾರೆ.

ಆದರೆ ಈ ರಾಜ್ಯದಲ್ಲಿ ಎಲ್ಲವೂ ಅರ್ಧಂಬರ್ಧ. ನಾಣ್ಯ ಯಾಕೆ ಬೆವರುತ್ತದೆ? ಆನೆಗೆ ಯಾಕೆ ಹೆದರಿಕೆ? ಹೇಳಲು ಬಾಯಿ ತೆರೆಯುವಷ್ಟರಲ್ಲಿ ಕರೆಂಟು ಬಂದಿರುತ್ತದೆ! ಈಗ ಇಂಡಿಯಲ್ಲಿ ಪುಸ್ತಕ ಅಚ್ಚು ಹಾಕುವ ರಾವಸಾಬರು ಪಟ್ಟು ಹಿಡಿದಿದ್ದಾರೆ: “ಗ್ವಾಡಿ ಎಲ್ಲಿಗೆ ಹೊಂಟೈತಿ ಅಂತ ಬರದ ಕೊಡವ್ವಾ. ಇಲ್ಲಂದ್ರ ಕಡೀ ಭಾಗ ಅಚ್ಚ ಹಾಕಂಗಿಲ್ಲ. ಮುದ್ದೇಬಿಹಾಳದಾಗ ಓದೋ ಮಂದಿ ನನ್ನ ಅಂಗಿ ಹಿಡದ ಕೇಳಾಕತ್ತಾರ.”

ನಾನು ಹೋದ ದಿನವೂ ಕರೆಂಟಿಲ್ಲ. ಜೋಳದ ಡಬ್ಬಿಯ ಮೇಲೆ ಕೂತ ನೆರೆಮನೆಯ ಅಬಿದಾ ಶುರು ಮಾಡುತ್ತಾರೆ: “ಸಿದ್ದಕ್ಕಾ, ಐದು ಪುಸ್ತಕ ಆತು, ಆ ಗ್ವಾಡಿ ನಡದ ನಡದೈತಿ. ಅದಕ್ಕೇನ ಕಾಲ ನೋಯಂಗಿಲ್ಲೇನ?”

“ಹೇಳ್ತೇನಿ ತಡಿಯವ್ವಾ. ಅದು ಹೊಂಟಿದ್ದು...”

ಫಕ್ಕನೆ ಬಲ್ಬು ಹತ್ತುತ್ತದೆ. ಸಿದ್ದಲಿಂಗವ್ವ ನಗುತ್ತ ಎದ್ದೇಬಿಡುತ್ತಾರೆ. ಅಷ್ಟರಲ್ಲಿ ಅಬಿದಾ ಮೇನ್ ಸ್ವಿಚ್ಚಿನ ಹಿಡಿ ಹಿಡಿದು ಕೆಳಗೆಳೆಯುತ್ತಾರೆ. ಗಿರಣಿ ಮತ್ತೆ ಕತ್ತಲು.

“ಹಿಟ್ಟು ಆಮ್ಯಾಲ. ಮೊದಲ ಗ್ವಾಡಿ.”

“ನಮ್ಮನಿಯಾಕಿ ರೊಟ್ಟಿಗೆ ಕಾಯಾಕತ್ತಾಳ,” ಎಂದು ಗೊಣಗುವ ರೈತ ಮಾಳಿಂಗಪ್ಪನೂ ಚೀಲ ಕೆಳಗಿಟ್ಟು, “ಕಾಯ್ಲಿ ಬಿಡ್ರಿ,” ಎಂದು ಕೂರುತ್ತಾನೆ.

ಸಿದ್ದಲಿಂಗವ್ವನ ಮುಖ ಹಿಟ್ಟಿಗಿಂತ ಬೆಳ್ಳಗಾಗುತ್ತದೆ. “ಖರೇ ಹೇಳ್ಲಿ? ನನಗೂ ಗೊತ್ತಿಲ್ಲ. ಪ್ರತಿ ಸಲ ಕರೆಂಟ ಬಂದು ನನ್ನ ಮಾನ ಕಾಯ್ತಿತ್ತು.”

ಅಬಿದಾ ಬಿಡುವವರಲ್ಲ. “ಗ್ವಾಡಿ ಒಳಗ ರಾಜ ಅದಾನ. ಹೊರಗ ಯಾರದಾರ?”

“ಹೊರಗ... ಕ್ವಾಟಿ ಕಟ್ಟಿದ ಮಂದಿ. ಕಟ್ಟಿ ಮುಗದ ಮ್ಯಾಲ ಒಳಗಿನವ್ರು ಬಾಗಲಾ ಹಾಕ್ಕೊಂಡ್ರಲ್ಲ. ಅವರ ಗುಡಸಲಾ ಹೊರಗ ಉಳದಾವ...” ಕಣ್ಣುಗಳು ಬಂಡಿಗಾಲಿಯಷ್ಟು ಅಗಲವಾಗುತ್ತವೆ. “ಅಯ್ಯ ಅಬಿದಾ! ಅವ್ರನ್ನ ಒಳಗ ತಗೊಳ್ಳಾಕ ಹೊಂಟೈತವ್ವಾ! ರಾಜಗ ಗೊತ್ತಾಗದಂಗ ಗೇಣ ಗೇಣ ಹೊರಗ ಸರ್ಯಾಕತ್ತೈತಿ. ಕಲ್ಲಿಗೆ ತನ್ನ ಹೊತ್ತವರ ಹೆಗಲ ನೆನಪೈತಿ!”

ಆಗ ಎದ್ದ ಕೇಕೆಗೆ ದೂರದ ಹೂವಿನ ಹಿಪ್ಪರಗಿಯಲ್ಲಿ ಎತ್ತುಗಳು ಹಗ್ಗ ಹರಿದುಕೊಂಡವು. ಮಾಳಿಂಗಪ್ಪ ಕಣ್ಣೊರೆಸಿಕೊಳ್ಳುತ್ತಾನೆ; ಕೇಳಿದರೆ ಹಿಟ್ಟು ಬಿತ್ತು ಎನ್ನುತ್ತಾನೆ, ಬೀಸುವುದು ಇನ್ನೂ ಶುರುವೇ ಆಗಿಲ್ಲ.

ಕಡೆಯ ಭಾಗ ರಾವಸಾಬರಿಗೆ ಯಾವಾಗ ತಲುಪುತ್ತದೆ ಎನ್ನುತ್ತೇನೆ. “ನಾಳಿನ ಮದಲನೇ ಬಸ್ಸಿಗೆ ನಾನ ಒಯ್ತೇನಿ,” ಎನ್ನುತ್ತ ಸಿದ್ದಲಿಂಗವ್ವ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. “ಕಲ್ಲಿಗೆ ಕಾಲ ಕೊಡೂದು ಸಸಾರ್ರಿ. ಅದು ಎಲ್ಲಿಗೆ ಹೊಂಟೈತಿ ಅಂತ ಹೇಳೂದು ಕಷ್ಟ. ಇವತ್ತ ಹೇಳೀನ್ರಿ.”