ಬಾವಿಯಲ್ಲಿ ಸಿಕ್ಕ ಹುಳಕ್ಕೆ ತಂಗಿಯ ಹೆಸರು

ಹಾರ್ವೆಸ್ಟ್‌ಮನ್ ಎಂಬ ಹುಳ ನೋಡಲು ಜೇಡದ ಹಾಗೆ, ಆದರೆ ಜೇಡವಲ್ಲ. ಬಲೆ ಹೆಣೆಯುವುದಿಲ್ಲ, ವಿಷವೂ ಇಲ್ಲ. ತೊಗರಿ ಕಾಳಿಗಿಂತ ಸಣ್ಣ ಮೈ, ಕೂದಲಿನಂಥ ಉದ್ದ ಕಾಲು. ಇಂಡಿ ಪಟ್ಟಣದ ಕಾಲೇಜಿನಲ್ಲಿ ಪಾಠ ಮಾಡಿ ಉಳಿದ ಹೊತ್ತನ್ನೆಲ್ಲ ನಾನು ಇವುಗಳ ಹಿಂದೆ ಹಾಳು ಮಾಡಿದೆನೆಂದು ಮನೆಯವರ ದೂರು. ದೂರಿನಲ್ಲಿ ಸುಳ್ಳೇನಿಲ್ಲ.

ಈ ಚಟ ಹಚ್ಚಿದವರು ಸಿಂದಗಿಯಲ್ಲಿ ನನಗೆ ಪಾಠ ಹೇಳಿದ ಸರ್. ಈಗ ನಿವೃತ್ತರಾಗಿ ಬಸವನ ಬಾಗೇವಾಡಿಯಲ್ಲಿದ್ದಾರೆ. ಹರೆಯದಲ್ಲಿ ಅವರು ತಮ್ಮೂರು ಇಂಗಳೇಶ್ವರದಲ್ಲಿ ಎರಡು ಹೊಸ ಜಾತಿಗಳನ್ನು ಗುರುತಿಸಿ, ಒಂದೇ ಲೇಖನದಲ್ಲಿ ಪ್ರಕಟಿಸಿದ್ದರು. ಹೊಲದ ಕಲ್ಲುರಾಶಿಯಲ್ಲಿ ಸಿಕ್ಕ, ಕಾಲಿಗೆ ಮುಳ್ಳಿದ್ದ ಜಾತಿಗೆ ತಮ್ಮ ಗುರುಗಳ ಹೆಸರು. ಬಾವಿಯಲ್ಲಿ ಸಿಕ್ಕ, ಮುಳ್ಳಿಲ್ಲದ ಅಗಲ ಮೈಯದಕ್ಕೆ ಲ್ಯಾಟಿನ್ ಬಾಲ ಹಚ್ಚಿದ ತಂಗಿಯ ಹೆಸರು, ಏಕೆಂದರೆ ಅದನ್ನು ಹಿಡಿದು ತಂದವಳು ಅವಳೇ. ಜೀವಮಾನದಲ್ಲಿ ಅವರು ಹೆಸರಿಟ್ಟದ್ದು ಇವೆರಡಕ್ಕೆ ಮಾತ್ರ.

ಈಚೆಗೆ ಈ ಗುಂಪಿನ ವರ್ಗೀಕರಣವನ್ನು ಹೊಸದಾಗಿ ನೋಡುವ ಕೆಲಸ ನನ್ನ ಪಾಲಿಗೆ ಬಂತು. ಇಂಗಳೇಶ್ವರದಿಂದ ಹುಳ ತಂದು, ಫೋಟೊ ತೆಗೆದು, ಕಂಪ್ಯೂಟರಿನಲ್ಲಿ ಮೈಯ ಅಂಚಿನುದ್ದಕ್ಕೂ ಚುಕ್ಕಿ ಇಟ್ಟು ಆಕಾರ ಅಳೆದೆ. ಚೊಕ್ಕವಾಗಿ ಎರಡು ಗುಂಪಾದವು. ಸರ್ ಗೆದ್ದರು ಅಂದುಕೊಂಡೆ. ಆಮೇಲೆ ಡಿಎನ್‌ಎ ಫಲಿತಾಂಶ ಬಂತು. ಎರಡೂ ಒಂದೇ ಜಾತಿ. ಲ್ಯಾಬಿನವರ ಮೇಲೆ ರೇಗಿ ಇನ್ನೊಮ್ಮೆ ಮಾಡಿಸಿದೆ, ಅದೇ ಉತ್ತರ. ಕೊನೆಗೆ ಹುಳಗಳನ್ನೇ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೆ, ಮುಳ್ಳಿನವೆಲ್ಲ ಗಂಡು, ಅಗಲ ಮೈಯವೆಲ್ಲ ಹೆಣ್ಣು.

ಸರ್ ದಡ್ಡರೇನಲ್ಲ. ಆ ಬಾವಿಯ ಒಂದು ಬದಿಯ ಮೆಟ್ಟಿಲು ಹೆಣ್ಣುಮಕ್ಕಳದು, ಗಂಡಸರು ಅತ್ತ ಹಾಯುವಂತಿರಲಿಲ್ಲ. ಮೊಟ್ಟೆಯಿಡಲು ತಂಪು ಹುಡುಕಿ ಬಂದ ಹೆಣ್ಣು ಹುಳಗಳು ಅಲ್ಲಿನ ಕಲ್ಲಸಂದಿಯಲ್ಲೇ ಸೇರುತ್ತಿದ್ದವು. ತಂಗಿ ಬಾವಿಯಿಂದ ಹೆಣ್ಣನ್ನು ತಂದಳು, ಅಣ್ಣ ಹೊಲದಲ್ಲಿ ಗಂಡನ್ನು ಹಿಡಿದ. ಊರಿನ ಮರ್ಯಾದೆಗೆ ತಕ್ಕಂತೆ ಒಂದು ಜಾತಿ ಎರಡಾಯಿತು.

ಒಂದು ಜಾತಿಗೆ ಎರಡು ಹೆಸರು ನಡೆಯುವುದಿಲ್ಲ. ಎರಡೂ ಒಂದೇ ದಿನ ಅಚ್ಚಾದ್ದರಿಂದ, ಯಾವುದು ಉಳಿಯಬೇಕೆಂದು ತಿದ್ದುವವರೇ ಆರಿಸಬೇಕೆಂಬುದು ನಿಯಮ. ತಿದ್ದುವವಳು ನಾನು.

ಸರ್ ಆಗ ಮುದ್ದೇಬಿಹಾಳದ ಆಚೆ ನಾಲತವಾಡದಲ್ಲಿ, ತಂಗಿಯ ಮನೆಯಲ್ಲಿದ್ದರು. ಅಲ್ಲಿಗೇ ಹೋಗಿ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

“ನನಗ ಹೊಳೀಲೇ ಇಲ್ಲ ನೋಡವಾ,” ಎಂದರು. “ಇರ್ಲಿ. ನಮ್ಮ ಗುರುಗಳ ಹೆಸರು ಉಳಸು. ತಂಗಿ ನಮ್ಮಾಕಿ, ಆಕಿ ಏನೂ ಅನ್ನಂಗಿಲ್ಲ.” ಒಳಗೆ ತಿರುಗಿ, “ತಂಗೀ, ಚಾ ಆತೇನ?” ಎಂದರು.

ನನಗೆ ಸಿಟ್ಟು ಬಂತು. ಏನೂ ಅನ್ನದವರ ಹೆಸರನ್ನೇ ಮೊದಲು ಅಳಿಸುವುದು ನಮ್ಮಲ್ಲಿ ಎಷ್ಟು ಸಲೀಸು. ಆದರೂ ಸರ್ ಹೇಳಿದಂತೆ ಅವರ ಗುರುಗಳ ಹೆಸರನ್ನೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಚಹಾ ತಂದ ತಂಗಿಗೆ ಎಲ್ಲ ಕೇಳಿಸಿತ್ತು. “ಅಣ್ಣ ಅಂದಂಗ ಮಾಡ್ರಿ,” ಎಂದು ಕಪ್ ಇಟ್ಟರು. ಹೋಗದೆ ಅಲ್ಲೇ ನಿಂತರು. “ಲಗ್ನದಾಗ ನನಗ ಬ್ಯಾರೆ ಹೆಸರಿಟ್ರು ನೋಡ್ರಿ. ಆಧಾರ್ ಕಾರ್ಡಿನ್ಯಾಗೂ ಅದ ಐತಿ. ಅವ್ವ ಹೋದ ಮ್ಯಾಲ ಹಳೇ ಹೆಸರ್ಲೆ ಯಾರೂ ಕರದಿಲ್ಲ. ಆ ಹುಳಕ್ಕಾದ್ರೂ ಐತಲ್ಲಾ ಅಂತ ಅನಕೋತಿದ್ದೆ.” ನಕ್ಕು ಒಳಗೆ ಹೋದರು.

ಅತ್ತೆಮನೆಯಲ್ಲಿ ತವರಿನ ಹೆಸರು ಹಿಡಿದು ಕರೆಯಬಾರದೆಂದು ಸರ್ ಕೂಡ ಇಷ್ಟು ವರ್ಷ ಬರೀ ‘ತಂಗೀ’ ಎನ್ನುತ್ತ ಬಂದಿದ್ದರು. ಅವರ ಚಹಾ ಕೆನೆಗಟ್ಟಿತು.

“ಸರ್, ನಾ ಇವರ ಹೆಸರ ಉಳಸ್ತೇನ್ರಿ,” ಎಂದೆ.

ಸರ್ ಅಡುಗೆಮನೆಯ ಕಡೆ ತಿರುಗಿ, ತಂಗಿಯನ್ನು ಹುಳದ ಹೆಸರಿನಿಂದಲೇ ಕರೆದರು, ಅದರ ಲ್ಯಾಟಿನ್ ಬಾಲ ಬಿಟ್ಟು. ಒಳಗೆ ಪಾತ್ರೆಯ ಸದ್ದು ನಿಂತಿತು. “ಓ ಅಣ್ಣಾ, ಬಂದೆ,” ಎಂಬ ದನಿ ಕೇಳಿತು.